ದಿಕ್ಕು ತಿಳಿಯುವ ದೂರದರ್ಶಕ

ಗಣಕಯಂತ್ರವನ್ನು ಅಳವಡಿಸಿದ ದೂರದರ್ಶಕದ ಸ್ಮೃತಿಯಲ್ಲಿ ಸಾವಿರಾರು ನಕ್ಷತ್ರ, ನೀಹಾರಿಕೆಗಳ ಸ್ಥಾನಗಳು ಅಡಕವಾಗಿರುತ್ತವೆ. ಆದರೆ ಮಹಡಿಯ ಮೇಲೆ ತಂದಿಟ್ಟ ಕ್ಷಣದಲ್ಲಿ ಅದಕ್ಕೆ ತಿಳಿಯದ ಸಂಗತಿಯೊಂದುಂಟು: ತಾನು ಯಾವ ಕಡೆಗೆ ಮುಖಮಾಡಿ ನಿಂತಿರುವೆನೆಂಬುದು. ಇದನ್ನು ಅದಕ್ಕೆ ತಿಳಿಯಪಡಿಸುವ ಕ್ರಿಯೆಗೆ ದಿಕ್ಕು ಹೊಂದಿಸುವುದೆಂದು ಹೆಸರು. ಹೊಸಬರು ಎಡವುವುದು ಬಹುಮಟ್ಟಿಗೆ ಇಲ್ಲಿಯೇ.

ಆಕಾಶದಲ್ಲಿ ತಾರೆಯ ಸ್ಥಾನವನ್ನು ವಿಷುವದಂಶ, ಘಂಟಾವೃತ್ತಾಂಶಗಳಿಂದ ಹೇಳುತ್ತೇವೆ. ದೂರದರ್ಶಕದ ಮೋಟಾರುಗಳಿಗಾದರೋ ತಿಳಿದಿರುವುದು ಎರಡೇ ಚಲನೆ: ಕ್ಷಿತಿಜದ ಉದ್ದಕ್ಕೆ ತಿರುಗುವುದು, ಮೇಲೆ ಕೆಳಗೆ ಬಾಗುವುದು. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸಬೇಕಾದರೆ ಸ್ಥಳ, ದಿನಾಂಕ, ವೇಳೆ ಇವು ಬೇಕು. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ. ಆದುದರಿಂದ ಅಲ್ಲಿ ಧ್ರುವತಾರೆಯು ಕ್ಷಿತಿಜದಿಂದ ಸುಮಾರು 13 ಡಿಗ್ರಿ ಎತ್ತರದಲ್ಲಿರುತ್ತದೆ. ಭೂಮಿಯು ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ಭಾರತೀಯ ಕಾಲವ್ಯತ್ಯಾಸವಾದ 5½ ಗಂಟೆಗೆ ಬದಲಾಗಿ ಬರಿಯ 5 ಎಂದು ಒತ್ತಿದರೆ ಯಂತ್ರವು 7½ ಡಿಗ್ರಿ ತಪ್ಪುತ್ತದೆ. ಹದಿನೈದು ಹುಣ್ಣಿಮೆಯ ಚಂದ್ರರನ್ನು ಸಾಲಾಗಿ ನಿಲ್ಲಿಸಿದಷ್ಟು ದೂರವಿದು!

ಅನಂತರ ಯಂತ್ರವು ಎರಡು ತಾರೆಗಳನ್ನು ಕೇಳುತ್ತದೆ. ಒಂದೇ ಸಾಲದೇಕೆ? ತಾರೆಗಳನ್ನು ಬರೆದ ಕೊಡೆಯೊಂದನ್ನು ಭಾವಿಸೋಣ. ಅದರ ತುದಿಯನ್ನು ಒಂದೆಡೆ ಊರಿದರೂ ಕೊಡೆಯು ದಂಡದ ಸುತ್ತ ತಿರುಗಬಲ್ಲದು; ಅಂಚಿನ ಒಂದು ಕಡ್ಡಿಯನ್ನೂ ಹಿಡಿದಾಗಲೇ ನಿಲ್ಲುತ್ತದೆ. ಎರಡನೆಯ ತಾರೆಯು ಆ ಕಡ್ಡಿ. ಅದು ಮೊದಲನೆಯದಕ್ಕೆ ತೀರ ಹತ್ತಿರವಿದ್ದರೆ ಅಲ್ಪ ದೋಷವೂ ಬೆಳೆಯುತ್ತದೆ. ನೇರ ಎದುರುಬದಿಯಲ್ಲಿದ್ದರೂ ಪ್ರಯೋಜನವಿಲ್ಲ. ನೆತ್ತಿಯ ತಾರೆಯನ್ನೂ ಬಿಡಬೇಕು, ಅಲ್ಲಿ ದಿಕ್ಕೆಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ. ಬೆಂಗಳೂರಿನಲ್ಲಿ ಮಘಾ ತಾರೆಯು ನೆತ್ತಿಯಿಂದ ಸುಮಾರು ಒಂದು ಡಿಗ್ರಿ ದೂರದಲ್ಲಿ ಹಾಯುತ್ತದೆ.

ನಮ್ಮ ಅನುಭವವೊಂದನ್ನು ಹೇಳಬೇಕು. ಫೆಬ್ರವರಿ 3ರ ಸಂಜೆ 7 ಗಂಟೆಗೆ ವಿದ್ಯಾರ್ಥಿಗಳೊಡನೆ ಕಾಲೇಜಿನ ಮಹಡಿಯಲ್ಲಿ ಯಂತ್ರವನ್ನು ಸಮತಲದಲ್ಲಿ, ಉತ್ತರಾಭಿಮುಖವಾಗಿ ನಿಲ್ಲಿಸಿ, ನಮ್ಮ ರೂಢಿಯಂತೆ ದಿನವನ್ನು ಮೊದಲು, ತಿಂಗಳನ್ನು ಅನಂತರ ಒತ್ತಿದೆವು. ಯಂತ್ರಕ್ಕೆ ಅಮೆರಿಕದ ರೂಢಿ. ಅದು ಮಾರ್ಚ್ 2 ಎಂದು ತಿಳಿಯಿತು. ತಾರೆಗಳು ದಿನಕ್ಕೆ 4 ನಿಮಿಷ, ಎಂದರೆ ಸುಮಾರು 1 ಡಿಗ್ರಿ, ಮುಂದಾಗುವುದಷ್ಟೆ. ಆರ್ದ್ರಾವನ್ನು ತೋರಿಸಲು ಹೊರಟ ಕೊಳವೆಯು ಅದರಿಂದ ಸುಮಾರು 27 ಡಿಗ್ರಿ ಪಶ್ಚಿಮಕ್ಕೆ ನಿಂತಿತು. ಅದರ ಸಮೀಪದಲ್ಲಿ ಹೊಳೆಯುತ್ತಿದ್ದ ಕೆಂಬಣ್ಣದ ತಾರೆಯನ್ನೇ ಆರ್ದ್ರಾ ಎಂದು ಒಪ್ಪಿಕೊಂಡೆವು. ಎರಡನೆಯದು ಲುಬ್ಧಕ, ಆಕಾಶದ ಅತ್ಯುಜ್ಜ್ವಲ ತಾರೆಯಾದ ಅದರಲ್ಲಿ ಸಂಶಯವಿರಲಿಲ್ಲ. ಆದರೂ ಯಂತ್ರವು ನಿರಾಕರಿಸಿತು. ಕೆಟ್ಟಿದೆಯೆಂದು ಮಡಚಿಡಲು ಹೊರಟಾಗ ವಿದ್ಯಾರ್ಥಿನಿಯೊಬ್ಬಳು, “ಕೃತ್ತಿಕೆಯ ಪಕ್ಕದಲ್ಲಿರುವುದು ರೋಹಿಣಿಯಲ್ಲವೇ, ಸಾರ್?” ಎಂದಳು. ರೋಹಿಣಿಯೇ! ಆರ್ದ್ರಾ ಲುಬ್ಧಕಗಳ ಅಂತರ 27 ಡಿಗ್ರಿ. ರೋಹಿಣಿ ಲುಬ್ಧಕಗಳದು 46. ಮೋಟಾರುಗಳು ತಿರುಗಿದ ಕೋನವನ್ನು ಪಟ್ಟಿಯೊಡನೆ ಹೋಲಿಸಿ ಯಂತ್ರವು ನಮ್ಮ ತಪ್ಪನ್ನು ಹಿಡಿದಿತ್ತು. ದಿನಾಂಕವನ್ನು ತಿದ್ದಿದ ಮೇಲೆ ಮಹಾವ್ಯಾಧನ ನೀಹಾರಿಕೆಯು ತಾನಾಗಿ ಕಣ್ಣಿಗೆ ಬಂದಿತು.

ಹಗಲಿನಲ್ಲಿಯೇ ದೂರದ ಗೋಪುರವನ್ನೋ ಕಂಬವನ್ನೋ ನೋಡಿ ಪುಟ್ಟ ಶೋಧಕ ದರ್ಶಕವನ್ನು ಮುಖ್ಯ ಕೊಳವೆಗೆ ಹೊಂದಿಸಿಡುವುದು ಲೇಸು. ಆಗ ಸೂರ್ಯನ ಕಡೆಗೆ ಮಾತ್ರ ಎಂದಿಗೂ ತಿರುಗಿಸಬಾರದು. ಕ್ಷಣಮಾತ್ರದಲ್ಲಿ ಕಣ್ಣು ಹೋದೀತು. ಮೊದಲಿಗೆ 25 ಮಿಲಿಮೀಟರಿನ ನೇತ್ರಕ ಸಾಕು. ಸಂಗಮದೂರ 1000 ಮಿಲಿಮೀಟರ್ ಇದ್ದಲ್ಲಿ ವರ್ಧನೆ 40. ನೋಟದ ಹರಹು ಅಗಲವಾಗಿರುವುದರಿಂದ ತಾರೆಯು ಬೇಗ ಸಿಕ್ಕುತ್ತದೆ.

ಈಚಿನ ಕೆಲವು ಯಂತ್ರಗಳು ತಾರೆಯ ಹೆಸರನ್ನೇ ಕೇಳುವುದಿಲ್ಲ. ಸೆಲೆಸ್ಟ್ರಾನ್ ಕಂಪನಿಯ ಸ್ಟಾರ್‌ಸೆನ್ಸ್ ಈ ಬಗೆಯದು. ಕೊಳವೆಗೆ ಬಿಗಿದ ಸಣ್ಣ ಕ್ಯಾಮೆರಾ ಆಕಾಶದ ಕೆಲವು ಭಾಗಗಳ ಚಿತ್ರ ತೆಗೆಯುತ್ತದೆ. ಚಿತ್ರದ ತಾರೆಗಳ ವಿನ್ಯಾಸವನ್ನು ಗಣಕವು ತನ್ನ ಪಟ್ಟಿಯೊಡನೆ ಹೋಲಿಸಿ ಕೆಲವೇ ನಿಮಿಷಗಳಲ್ಲಿ ತನ್ನ ದಿಕ್ಕನ್ನು ನಿರ್ಣಯಿಸುತ್ತದೆ. ಮೋಡವಾಗಲಿ ಮರವಾಗಲಿ ಅಡ್ಡಬಂದರೆ ಅದೂ ಸೋಲುತ್ತದೆ. ಕ್ಯಾಮೆರಾದ ಅಕ್ಷವೂ ಕೊಳವೆಯ ಅಕ್ಷವೂ ಹೊಂದುವಂತೆ ಮೊದಲ ಬಾರಿ ಒಂದು ತಾರೆಯನ್ನು ನಾವೇ ನಡುವಿಗೆ ತಂದು ತೋರಿಸಬೇಕು. ದಿನಾಂಕದ ಹಂಗೂ ಪೂರ್ಣವಾಗಿ ತಪ್ಪುವುದಿಲ್ಲ: ತಾರೆಗಳ ನಡುವೆ ಚಂದ್ರನು ದಿನಕ್ಕೆ ಸುಮಾರು 13 ಡಿಗ್ರಿ ಸರಿಯುತ್ತಾನೆ. ತಪ್ಪು ದಿನಾಂಕವನ್ನು ಹೊತ್ತ ಯಂತ್ರವು ನೀಹಾರಿಕೆಗಳನ್ನು ಸರಿಯಾಗಿ ತೋರಿಸಿ, ಎದುರಿಗೇ ಬೆಳಗುತ್ತಿರುವ ಚಂದ್ರನನ್ನು ಬರಿಯ ಕತ್ತಲಲ್ಲಿ ಹುಡುಕೀತು.