ಗ್ರೀನ್ ಕಾರ್ಡ್ ಸರದಿ: ಒಂದು ಲೆಕ್ಕ

"ಸರ್, ಇಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದರೆ ಅಲ್ಲೇ ನೆಲೆಸಲು ಎಷ್ಟು ವರ್ಷ ಬೇಕು?" ಎಂದು ಕೇಳುವವರು ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ. ನಾನು ಅರ್ಥಶಾಸ್ತ್ರ ಕಲಿಸುವವನು, ವಕೀಲನಲ್ಲ. ಆದರೆ ಇದರಲ್ಲಿ ಕಾನೂನಿಗಿಂತ ಬೇಡಿಕೆ-ಪೂರೈಕೆಯ ಲೆಕ್ಕವೇ ದೊಡ್ಡದು.

ಎಚ್-1ಬಿ ವೀಸಾ ಸಿಗುವುದು ಮೂರು ವರ್ಷಕ್ಕೆ. ಇನ್ನೂ ಮೂರು ವರ್ಷ ವಿಸ್ತರಿಸಬಹುದು. ಅದು ಕೆಲಸದ ಪರವಾನಗಿ ಮಾತ್ರ. ಕಾಯಂ ನೆಲೆಗೆ, ಅಂದರೆ ಗ್ರೀನ್ ಕಾರ್ಡ್‌ಗೆ, ಸಾಮಾನ್ಯವಾಗಿ ಕಂಪನಿಯೇ ಅರ್ಜಿ ಹಾಕಬೇಕು. ಆ ಹುದ್ದೆಗೆ ಅರ್ಹ ಅಮೆರಿಕನ್ನರು ಸಿಗಲಿಲ್ಲವೆಂದು ಮೊದಲು ಅಲ್ಲಿನ ಕಾರ್ಮಿಕ ಇಲಾಖೆ ಒಪ್ಪಬೇಕು. ಈ ಅರ್ಜಿ ಸಲ್ಲಿಸಿದ ದಿನವೇ ನಿಮ್ಮ ಸರದಿಯ ದಿನಾಂಕ. ನಂತರ ವಲಸೆ ಇಲಾಖೆಯ ಒಪ್ಪಿಗೆ. ಇಷ್ಟಕ್ಕೆ ಒಂದೆರಡು ವರ್ಷ ಹಿಡಿಯಬಹುದು. ನಿಜವಾದ ಕಾಯುವಿಕೆ ಶುರುವಾಗುವುದು ಇದರ ಮೇಲೆ.

1990ರ ಕಾಯ್ದೆಯಂತೆ ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್. ಹೆಂಡತಿ, ಮಕ್ಕಳೂ ಇದೇ ಲೆಕ್ಕದೊಳಗೆ. ಒಂದು ದೇಶಕ್ಕೆ ಶೇ. 7, ಅಂದರೆ ಸುಮಾರು 9,800. ಭಾರತಕ್ಕೂ ಅಷ್ಟೇ, ಪುಟ್ಟ ಐಸ್‌ಲ್ಯಾಂಡಿಗೂ ಅಷ್ಟೇ! ಬೇರೆಯವರು ಬಳಸದೆ ಉಳಿದದ್ದು ನಮ್ಮವರಿಗೆ ಸಿಗುವುದುಂಟು; ಸಾಲು ಕರಗಲು ಅದು ಸಾಲದು. 2024ರ ಅಕ್ಟೋಬರ್‌ನಲ್ಲಿ, ಸ್ನಾತಕೋತ್ತರ ಪದವಿಯವರ ಇಬಿ-2 ವರ್ಗದಲ್ಲಿ ಭಾರತೀಯರ ಸರದಿ ತಲುಪಿದ್ದು 2012ರ ಜುಲೈ 15ಕ್ಕೆ.

ಈ ಸಾಲು ಹಿಂದಕ್ಕೂ ಚಲಿಸುತ್ತದೆ. ಕೋವಿಡ್ ಕಾಲದಲ್ಲಿ ಕುಟುಂಬ ವರ್ಗದಲ್ಲಿ ಉಳಿದ ಸಂಖ್ಯೆಗಳು ಉದ್ಯೋಗ ವರ್ಗಕ್ಕೆ ಬಂದವು. 2022ರ ಸೆಪ್ಟೆಂಬರ್‌ಗೆ ಸರದಿ 2014ರ ಡಿಸೆಂಬರ್‌ವರೆಗೆ ಓಡಿತು. ನನ್ನ ದೊಡ್ಡಮ್ಮನ ಮಗನ ದಿನಾಂಕ 2015ರ ಮಾರ್ಚ್. ಇನ್ನು ಮೂರೇ ತಿಂಗಳು ಎಂದು ಮನೆಯಲ್ಲಿ ಎಲ್ಲರೂ ದುಆ ಮಾಡುತ್ತಿದ್ದೆವು. ಅಕ್ಟೋಬರ್‌ನಲ್ಲಿ ಅದು 2012ರ ಏಪ್ರಿಲ್‌ಗೆ ಜಾರಿತು. ವಲಸೆ ಇಲಾಖೆಯ ಒಪ್ಪಿಗೆ ಆಗಿರುವುದರಿಂದ ಆರು ವರ್ಷ ದಾಟಿದರೂ ಅವನ ಎಚ್-1ಬಿ ನವೀಕರಣವಾಗುತ್ತಿದೆ. ಅವನ ಚಿಂತೆ ಮಗಳದ್ದು. ಎರಡು ವರ್ಷದವಳಿದ್ದಾಗ ಹೋದವಳು, ಈಗ ನಿಮ್ಮದೇ ವಯಸ್ಸು. 21 ತುಂಬಿದರೆ ಅವಳು ತಂದೆಯ ಅರ್ಜಿಯಿಂದ ಹೊರಗೆ. ವಯಸ್ಸಿನಲ್ಲಿ ಕೆಲವು ತಿಂಗಳು ಕಳೆದು ಲೆಕ್ಕ ಹಾಕುವ 2002ರ ಕಾನೂನೊಂದಿದೆ. ಇಷ್ಟು ಉದ್ದದ ಸಾಲಿಗೆ ಅದು ಎಷ್ಟರದು? ಆಮೇಲೆ ಅವಳು ತನ್ನದೇ ವಿದ್ಯಾರ್ಥಿ ವೀಸಾ ಪಡೆಯಬೇಕು, ಇಲ್ಲವೇ ತನಗೆ ನೆನಪೇ ಇಲ್ಲದ ಊರಿಗೆ ಮರಳಬೇಕು.

ನಿಮ್ಮಲ್ಲಿ ಕೆಲವರಿಗೆ ಸಂಬಂಧಿಸಿದ ಒಂದು ವಿಷಯ ಉಳಿಯಿತು. ಶೇ. 7ರ ಲೆಕ್ಕದಲ್ಲಿ ನೋಡುವುದು ಪಾಸ್‌ಪೋರ್ಟನ್ನಲ್ಲ, ಹುಟ್ಟಿದ ದೇಶವನ್ನು. ತಂದೆ ಗಲ್ಫ್‌ನಲ್ಲಿದ್ದಾಗ ದಮ್ಮಾಮ್‌ನಲ್ಲೋ ದುಬೈಯಲ್ಲೋ ಹುಟ್ಟಿದವರು ನಮ್ಮ ಕಾಲೇಜಿನಲ್ಲೇ ಇದ್ದೀರಿ. ಭಾರತೀಯರಾದರೂ ನೀವು ಸಾಮಾನ್ಯವಾಗಿ ಸೌದಿ ಅಥವಾ ಯುಎಇ ಲೆಕ್ಕಕ್ಕೆ ಸೇರುತ್ತೀರಿ; ಆ ಸಾಲು ಬಹಳ ಚಿಕ್ಕದು. ಗಂಡ ಅಥವಾ ಹೆಂಡತಿ ಹುಟ್ಟಿದ ದೇಶದ ಲೆಕ್ಕವನ್ನೂ ಬಳಸಿಕೊಳ್ಳಬಹುದು. ಅಲ್ಲಿನ ಜನನ ಪ್ರಮಾಣಪತ್ರ ಮನೆಯ ಯಾವ ಪೆಟ್ಟಿಗೆಯಲ್ಲಿದೆ ಎಂದು ಈ ರಜೆಯಲ್ಲಿ ಉಮ್ಮನ ಬಳಿ ಕೇಳಿ ನೋಡಿ.