ವಿಮಾನಯಾನದ ದೂರ, ಕಾಲ ಮತ್ತು ದಿನಾಂಕ: ರಫ್ತುದಾರರು ತಿಳಿದಿರಬೇಕಾದ ಲೆಕ್ಕ

ಬೆಂಗಳೂರಿಗೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ನಡುವಣ ವಾಯುದೂರ ಸುಮಾರು 13,990 ಕಿ.ಮೀ., ಅಂದರೆ 7,550 ನಾಟಿಕಲ್ ಮೈಲಿಗಳಷ್ಟು. ಗೋಡೆಯ ಭೂಪಟದ ಮೇಲೆ ಅಡಿಕೋಲಿಟ್ಟು ಅಳೆದರೆ ಈ ಅಂಕಿ ದೊರೆಯದು. ಭೂಮಿ ಗೋಳಾಕಾರವಾಗಿರುವುದರಿಂದ ಅತಿ ಕಡಿಮೆ ದೂರದ ಹಾದಿಯು ಸೈಬೀರಿಯಾದ ಮೇಲೆ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ ಇಳಿಯುತ್ತದೆ. ಗೋಳದ ಮೇಲೆ ದಾರವೊಂದನ್ನು ಎಳೆದು ಹಿಡಿದರೆ ಇದು ಮಕ್ಕಳಿಗೂ ಅರ್ಥವಾಗುವ ಸಂಗತಿ.

ಗಂಟೆಗೆ 900 ಕಿ.ಮೀ. ವೇಗದಲ್ಲಿ ಈ ದೂರಕ್ಕೆ ಹದಿನೈದೂವರೆ ಗಂಟೆ ಸಾಕು. ಆದರೆ ರನ್‌ವೇವರೆಗಿನ ಚಲನೆ, ಏರಿಳಿತ, ಎದುರುಗಾಳಿ, ವಾಯುಪ್ರದೇಶದ ನಿರ್ಬಂಧ ಇವೆಲ್ಲ ಸೇರಿ ವಾಸ್ತವಿಕ ಅವಧಿ ಹೆಚ್ಚುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೊರಡುವ ಹಾರಾಟಗಳು ಸುತ್ತುಬಳಸಿ ಸಾಗಬೇಕಾಯಿತು. ಹಾದಿ ದೀರ್ಘವಾದಷ್ಟೂ ಇಂಧನದ ಭಾರ ಹೆಚ್ಚಿ, ಸರಕಿಗೆ ಉಳಿಯುವ ಭಾರಮಿತಿ ಕುಗ್ಗುತ್ತದೆ.

ವರ್ತಕರನ್ನು ಹೆಚ್ಚು ಕಾಡುವುದು ದಿನಾಂಕ. ಎರಡೂ ನಗರಗಳ ನಡುವೆ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆಗಳ ಅಂತರವಿದೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಪ್ರಥಮ ನೇರ ವಿಮಾನವು ಉತ್ತರ ಧ್ರುವದ ಮೇಲಿಂದ ಹಾದು 11ರ ನಸುಕಿನಲ್ಲಿ ಬೆಂಗಳೂರು ತಲುಪಿತು. ಪಂಚಾಂಗದಲ್ಲಿ ಎರಡು ದಿನ ಸರಿದಂತೆ ಕಂಡರೂ ಪ್ರಯಾಣದ ಅವಧಿ ಒಂದು ಪೂರ್ಣ ದಿನವೂ ಅಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಚಳಿಗಾಲದಲ್ಲಿ ಇಲ್ಲಿಂದ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರುವ ವಿಮಾನವು ಅಲ್ಲಿ ಅದೇ ದಿನ ಸಂಜೆ 4.30ಕ್ಕೆ ಇಳಿಯುತ್ತದೆ.

ಹಾಗಾದರೆ ಲೆಟರ್ ಆಫ್ ಕ್ರೆಡಿಟ್‌ನ ದೃಷ್ಟಿಯಲ್ಲಿ ಸರಕು ರವಾನೆಯಾದ ದಿನ ಯಾವುದು? 2007ರ ಜುಲೈ 1ರಿಂದ ಜಾರಿಗೆ ಬಂದ ಯುಸಿಪಿ 600 ನಿಯಮಾವಳಿಯ 23ನೇ ವಿಧಿಯ ಪ್ರಕಾರ ಏರ್‌ವೇ ಬಿಲ್ ನೀಡಿದ ದಿನಾಂಕವೇ ರವಾನೆಯ ದಿನಾಂಕ. ವಾಸ್ತವಿಕ ರವಾನೆಯ ದಿನವನ್ನು ಅದರಲ್ಲಿ ಪ್ರತ್ಯೇಕವಾಗಿ ನಮೂದಿಸಿದ್ದರೆ ಮಾತ್ರ ಆ ನಮೂದಿಗೆ ಪ್ರಾಶಸ್ತ್ಯ. ಬಿಲ್‌ನ ಬೇರೆಡೆ ಕಾಣುವ ವಿಮಾನದ ಸಂಖ್ಯೆ ಹಾಗೂ ದಿನಾಂಕ ಈ ಉದ್ದೇಶಕ್ಕೆ ಗಣನೆಗೆ ಬಾರವು.

ರವಾನೆಗೆ ಕೊನೆಯ ದಿನ 10ನೇ ತಾರೀಖು ಎಂದಿಟ್ಟುಕೊಳ್ಳೋಣ. 10ರಂದೇ ಬಿಲ್ ಪಡೆದು, ವಿಮಾನವು 11ರ ಮುಂಜಾವ 2 ಗಂಟೆಗೆ ಹೊರಟರೂ ದಾಖಲೆ ಕ್ರಮಬದ್ಧವೇ. ಏಜೆಂಟರು ಅತ್ಯುತ್ಸಾಹದಿಂದ ‘ರವಾನೆ 11ರಂದು’ ಎಂಬ ಪ್ರತ್ಯೇಕ ಷರಾ ಬರೆದರೆ ಬ್ಯಾಂಕು ಹಣ ಪಾವತಿಯನ್ನು ನಿರಾಕರಿಸಬಹುದು. ದಾಖಲೆಗಳನ್ನು ಸಲ್ಲಿಸಲು ಇರುವ 21 ದಿನಗಳ ಗಡುವೂ ಇದೇ ದಿನಾಂಕದಿಂದ ಆರಂಭವಾಗುತ್ತದೆ. ಲೆಟರ್ ಆಫ್ ಕ್ರೆಡಿಟ್‌ನ ಅವಧಿ ಮೊದಲೇ ಮುಗಿಯುವುದಾದರೆ ಅದೇ ಗಡುವು. ಬಿಲ್‌ನ ಕರಡನ್ನು ಏಜೆಂಟರಿಂದ ತರಿಸಿಕೊಂಡು ಓದಿದ ನಂತರವೇ ಒಪ್ಪಿಗೆ ನೀಡುವುದು ಕ್ಷೇಮಕರ.