ನೀರಿನ ಗುಣ ಮತ್ತು ಬೆಟ್ಟದ ಹುಲ್ಲುಗಾವಲು

ಆನೇಕಲ್ ತಾಲ್ಲೂಕಿನ ಜಿಗಣಿಯ ಸುತ್ತಲಿನದು ಮೊದಲಿಗೆ ರಾಗಿ ಬೆಳೆಯುವ ಸೀಮೆ. ಇಂದು ಗ್ರಾನೈಟ್ ಕಲ್ಲನ್ನು ಕೊಯ್ದು ಹೊಳಪು ಕೊಡುವ ಕಾರ್ಖಾನೆಗಳೂ ಇತರ ಕೈಗಾರಿಕೆಗಳೂ ಅಲ್ಲಿ ನೆಲೆಸಿವೆ. ಇಂಥ ಪ್ರದೇಶದ ಕೆರೆಗೆ ಚರಂಡಿಯ ನೀರು ಸೇರಿದಾಗ ಅದರೊಡನೆ ಸಾರಜನಕ ಮತ್ತು ರಂಜಕದ ಲವಣಗಳೂ ಬಂದು ಸೇರುತ್ತವೆ. ಆಗ ದಕ್ಷಿಣ ಅಮೆರಿಕ ಮೂಲದ ಹಯಸಿಂತ್ ಕಳೆ ಬಹುಬೇಗ ಹಬ್ಬಿ ಕೆರೆಯನ್ನೇ ಮುಚ್ಚಿಬಿಡುತ್ತದೆ. ಬೆಳಕು ಕಾಣದೆ ನೀರೊಳಗಿನ ಸಸ್ಯಗಳು ಸಾಯುತ್ತವೆ. ಅವು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವೂ ಕುಗ್ಗುತ್ತದೆ. ನೋಡುವವರಿಗೆ ಕೆರೆ ಹಸಿರಾಗಿದೆ. ಆದರೆ ಆ ಹಸಿರು ರೋಗದ ಚಿಹ್ನೆ.

ಇದಕ್ಕೆ ತೀರ ವಿರುದ್ಧವಾದ ನೋಟ ಪಶ್ಚಿಮ ಘಟ್ಟದ ಕುದುರೆಮುಖದಲ್ಲಿದೆ. ಸುಮಾರು 1,890 ಮೀಟರ್ ಎತ್ತರದ ಆ ಪರ್ವತದ ಇಳಿಜಾರುಗಳಲ್ಲಿ ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ ಕಾಡು. ಈ ಶ್ರೇಣಿಯ ಗಂಗಾಮೂಲದಲ್ಲಿಯೇ ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುತ್ತವೆ. ಮುಂಗಾರಿನ ಧಾರಾಕಾರ ಮಳೆ ಮಣ್ಣಿನ ಲವಣಗಳನ್ನು ತೊಳೆದೊಯ್ಯುವುದರಿಂದ ಬಂಡೆಗಳ ಸಂದಿನಲ್ಲಿ ಜಿನುಗುವ ನೀರು ತಿಳಿಯಾದುದು, ತುಸು ಆಮ್ಲೀಯವಾದುದು, ಪೋಷಕಾಂಶಗಳಲ್ಲಿ ಬಡವಾದುದು. ಆ ಬಡತನವೇ ಅಲ್ಲಿನ ಕೆಲವು ಸಸ್ಯಗಳಿಗೆ ಆಸರೆ.

ಡ್ರಾಸೆರಾ ಎಂಬ ಪುಟ್ಟ ಗಿಡವನ್ನೇ ತೆಗೆದುಕೊಳ್ಳಬಹುದು. ಅದರ ಎಲೆಗಳ ರೋಮದ ತುದಿಯಲ್ಲಿ ಇಬ್ಬನಿಯಂತೆ ಹೊಳೆಯುವ ಅಂಟುಹನಿಗಳಿರುತ್ತವೆ. ಮೋಸಹೋಗಿ ಬಂದು ಕುಳಿತ ಕೀಟ ಅಂಟಿಕೊಳ್ಳುತ್ತದೆ. ರೋಮಗಳು ಬಾಗಿ ಅದನ್ನು ಅಪ್ಪುತ್ತವೆ. ಗಿಡ ಅದನ್ನು ಜೀರ್ಣಿಸಿಕೊಂಡು ನೆಲದಲ್ಲಿ ದೊರೆಯದ ಸಾರಜನಕವನ್ನು ಪಡೆಯುತ್ತದೆ. ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಪ್ರಕಟಿಸಿದ ಕೀಟಾಹಾರಿ ಸಸ್ಯಗಳ ಗ್ರಂಥದಲ್ಲಿ ಬಹುಭಾಗ ಈ ಗಿಡದ ಜಾತಿಗೇ ಮೀಸಲು. ಗೊಬ್ಬರ ತಿಂದರೆ ಗಿಡ ಕೊಬ್ಬೀತೆಂದು ರೈತನ ಅನುಭವ ಹೇಳುತ್ತದೆ. ಡ್ರಾಸೆರಾದ ವಿಷಯದಲ್ಲಿ ಹಾಗಲ್ಲ. ನೀರಿನಲ್ಲಿ ಪೋಷಕಾಂಶ ಹೆಚ್ಚಿದರೆ ಎತ್ತರದ ಹುಲ್ಲುಗಳು ಸೊಕ್ಕಿ ಬೆಳೆದು, ನೆಲಕ್ಕಂಟಿದ ಈ ಕುಬ್ಜ ಸಸ್ಯವನ್ನು ನೆರಳಿನಲ್ಲಿ ಅಡಗಿಸಿಬಿಡುತ್ತವೆ.

ಕುದುರೆಮುಖದ ನೀರಿಗೆ ಬಂದ ಕಂಟಕ ಬೇರೆ ಬಗೆಯದು. ಅಲ್ಲಿನ ಕಬ್ಬಿಣದ ಅದಿರನ್ನು ತೆಗೆಯಲು 1976ರಲ್ಲಿ ಸರ್ಕಾರಿ ಕಂಪನಿಯೊಂದು ಸ್ಥಾಪನೆಯಾಯಿತು. ಅದಿರನ್ನು ನುಣ್ಣಗೆ ಅರೆದು ಕಬ್ಬಿಣದ ಅಂಶವನ್ನು ಬೇರ್ಪಡಿಸಿ, ಉಳಿದ ರಾಡಿಯನ್ನು ಲಕ್ಯಾ ಹೊಳೆಗೆ ಕಟ್ಟಿದ ಅಣೆಕಟ್ಟಿನ ಹಿಂದೆ ತುಂಬಿದರು. ಅಗೆದ ಇಳಿಜಾರುಗಳ ಸಡಿಲ ಮಣ್ಣು ಮಳೆಯಲ್ಲಿ ಕೊಚ್ಚಿ ಭದ್ರೆಗೆ ಇಳಿಯಿತು. ಕದಡಿದ ನೀರಿನಲ್ಲಿ ಬೆಳಕು ಆಳಕ್ಕೆ ಇಳಿಯದು. ಹೊಳೆಯಂಚಿನ ಎಳೆಯ ಸಸ್ಯಗಳ ಮೇಲೆ ಹೂಳು ಕುಳಿತರೆ ಅವು ಉಸಿರಾಡಲಾರವು. 1987ರಲ್ಲಿ ಸುತ್ತಲಿನ ಅರಣ್ಯ ರಾಷ್ಟ್ರೀಯ ಉದ್ಯಾನವೆನಿಸಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಲಕ್ಯಾ ಅಣೆಕಟ್ಟಿನ ಹಿಂದೆ ಆ ರಾಡಿ ಇಂದಿಗೂ ಇದೆ.